ಸೀಟಿ ಇಲ್ಲದ ಮೈದಾನ

ಮಿನಿಯಾಪೊಲಿಸ್ ಬಿಟ್ಟು ವಾಯವ್ಯದ ಕಡೆ ಹೊರಟರೆ ಹೆದ್ದಾರಿಯ ಎರಡೂ ಬದಿಗೆ ಮೆಕ್ಕೆಜೋಳದ ಹೊಲ, ಹಸುಗಳ ದೊಡ್ಡ ಕೊಟ್ಟಿಗೆ, ಮೇವು ತುಂಬಿಡುವ ಎತ್ತರದ ಕಣಜ, ನೋಡನೋಡುತ್ತಲೇ ಹಿಂದೆ ಸರಿದುಹೋಗುವ ಸಣ್ಣ ಕೆರೆ. ಅಮೆರಿಕದ ಮಿನೆಸೋಟ ರಾಜ್ಯದ ನಡುನಾಡು ಇದು. ಒಂದೂವರೆ ತಾಸು ಹೀಗೇ ಸಾಗಿದ ಮೇಲೆ ಹೊಲಗಳು ಮುಗಿದು ಪೈನ್, ಓಕ್, ಮೇಪಲ್ ಮರಗಳ ಕಾಡು ಶುರುವಾಗುತ್ತದೆ. ಆ ಮರಗಳ ತಲೆಗಿಂತ ಮೇಲೆ ಕಾಂಕ್ರೀಟಿನ ಅಗಲವಾದ ಹಲಗೆಯೊಂದು ಎದ್ದು ನಿಂತಿರುತ್ತದೆ, ಅದರ ನಡುವೆ ಕೊರೆದ ಕಂಡಿಯಲ್ಲಿ ಐದು ಗಂಟೆಗಳು ತೂಗುತ್ತಿರುತ್ತವೆ. ಸೇಂಟ್ ಜಾನ್ಸ್ ಮಠದ ಇಗರ್ಜಿ ಅದು. ಮಾರ್ಸೆಲ್ ಬ್ರಾಯರ್ ಎಂಬ ಹೆಸರಾಂತ ವಾಸ್ತುಶಿಲ್ಪಿ ರೂಪಿಸಿದ ಈ ಕಟ್ಟಡ 1961ರಲ್ಲಿ ಮುಗಿಯಿತು. ಮಠ ಮಾತ್ರ ಅದಕ್ಕಿಂತ ನೂರು ವರ್ಷ ಹಳೆಯದು. 1850ರ ದಶಕದಲ್ಲಿ ಈ ಸೀಮೆಗೆ ಬಂದ ಬೆನೆಡಿಕ್ಟೈನ್ ಸನ್ಯಾಸಿಗಳು ಕಾಡು ಕಡಿದರು, ಕಾಡು ನೆಟ್ಟರು, ಶಾಲೆ ತೆರೆದರು. ಶಾಲೆ ಕಾಲೇಜಾಯಿತು, ಕಾಲೇಜು ವಿಶ್ವವಿದ್ಯಾಲಯವಾಯಿತು. ಊರಿನ ಹೆಸರೇ ಕಾಲೇಜ್‌ವಿಲ್.

1990ರ ದಶಕದ ಯಾವುದೋ ಒಂದು ಸೆಪ್ಟೆಂಬರ್ ಸಂಜೆ ಎಂದುಕೊಳ್ಳಿ. ತರಗತಿಗಳು ಮುಗಿದಿವೆ. ಕರಿ ನಿಲುವಂಗಿಯ ಸನ್ಯಾಸಿಯೊಬ್ಬರು ಪುಸ್ತಕದ ಚೀಲ ಹೆಗಲಿಗೇರಿಸಿಕೊಂಡು ಕೆರೆಯ ದಾರಿ ಹಿಡಿದಿದ್ದಾರೆ. ಗಾಳಿ ಬೀಸಿದಾಗ ಪೈನ್ ಮರದ ಅಂಟಿನ ವಾಸನೆ. ಮೇಪಲ್ ಎಲೆಗಳ ತುದಿಗೆ ಆಗಲೇ ಕೆಂಪು ಹತ್ತಿದೆ. ಇಳಿಜಾರಿನ ಕೆಳಗೆ, ಕಾಡು ಮೂರು ದಿಕ್ಕಿಗೂ ಅಪ್ಪಿಕೊಂಡಿರುವ ತಗ್ಗಿನಲ್ಲಿ, ಹುಲ್ಲಿನ ಮೈದಾನ. ಸ್ವಲ್ಪ ಹತ್ತಿರ ಬನ್ನಿ, ಬೇಲಿಯ ಪಕ್ಕದಲ್ಲಿ ನಿಂತು ನೋಡೋಣ. ಇಲ್ಲಿ ನಿಲ್ಲುವವರನ್ನು ಯಾರೂ ಓಡಿಸುವುದಿಲ್ಲ.

ಹುಡುಗರು ಇಬ್ಬಿಬ್ಬರು ಮೂವರು ಮೂವರಾಗಿ ಇಳಿದು ಬರುತ್ತಿದ್ದಾರೆ. ಒಬ್ಬನ ಕೈಯಲ್ಲಿ ಶಿರಸ್ತ್ರಾಣ ತೂಗಾಡುತ್ತಿದೆ, ಇನ್ನೊಬ್ಬ ನಡೆಯುತ್ತಲೇ ಭುಜದ ಕವಚದ ಪಟ್ಟಿ ಬಿಗಿದುಕೊಳ್ಳುತ್ತಿದ್ದಾನೆ. ಸೊಂಟದಿಂದ ಕೆಳಗೆ ಮಾತ್ರ ಮನೆಯಲ್ಲಿ ಹಾಕಿಕೊಳ್ಳುವಂಥ ಚಡ್ಡಿ. ತೊಡೆಗೆ ಕವಚವಿಲ್ಲ, ಮೊಣಕಾಲಿಗೆ ಕವಚವಿಲ್ಲ. ಬರುತ್ತಲೇ ಇದ್ದಾರೆ, ಐವತ್ತಾಯಿತು, ನೂರಾಯಿತು, ಇನ್ನೂ ಇಳಿಯುತ್ತಿದ್ದಾರೆ. ಅಂಕಣದಲ್ಲಿ ಒಮ್ಮೆಗೆ ನಿಲ್ಲುವವರು ಹನ್ನೊಂದೇ ಜನ. ಈ ತಂಡದಲ್ಲಿ ನೂರೈವತ್ತಕ್ಕೂ ಮೇಲೆ ಹುಡುಗರಿದ್ದಾರೆ, ಯಾಕೆಂದರೆ ಆಡುತ್ತೇನೆ ಎಂದು ಬಂದವನನ್ನು ಇಲ್ಲಿ ಯಾರೂ ಬೇಡ ಎಂದು ಕಳಿಸುವುದಿಲ್ಲ.

ನಡುವೆ ಟೋಪಿ ಹಾಕಿಕೊಂಡು ನಿಂತ ಎಪ್ಪತ್ತರ ಆಸುಪಾಸಿನ ಮನುಷ್ಯ ಯಾರೋ ಹುಡುಗನ ಊರಿನ ವಿಚಾರ ಕೇಳುತ್ತಿದ್ದಾರೆ. ಕೊರಳಲ್ಲಿ ಸೀಟಿ ಇಲ್ಲ. ಕೈಯಲ್ಲಿ ಮೈಕಿಲ್ಲ. ‘ಜಾನ್’ ಎಂದು ಹತ್ತೊಂಬತ್ತರ ಹುಡುಗನೊಬ್ಬ ಕರೆಯುತ್ತಾನೆ, ಅವರು ತಿರುಗುತ್ತಾರೆ. ನಮ್ಮ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರನ್ನು ಹೆಸರು ಹಿಡಿದು ಕೂಗುವುದು ಹೇಗೆ ಊಹೆಗೂ ನಿಲುಕದೋ, ಅಮೆರಿಕದ ಫುಟ್‌ಬಾಲ್ ಮೈದಾನದಲ್ಲೂ ಹಾಗೇ. ಅಲ್ಲಿ ಗುರುವಿಗೆ ‘ಕೋಚ್’ ಎಂಬುದೇ ಹೆಸರು. ಬಿಟ್ಟುಹೋದ ಮೂವತ್ತು ವರ್ಷದ ಮೇಲೂ ಹಳೆಯ ಶಿಷ್ಯ ಹಾಗೆಯೇ ಕರೆಯುತ್ತಾನೆ. ಜಾನ್ ಗಾಗ್ಲಿಯಾರ್ಡಿ ಮಾತ್ರ ತನ್ನನ್ನು ಹಾಗೆ ಕರೆಯಕೂಡದು ಎಂದು ಮೊದಲ ದಿನವೇ ಹೇಳಿಬಿಡುತ್ತಿದ್ದರು.

ಅಭ್ಯಾಸ ಶುರುವಾದದ್ದು ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಮೈ ಬಿಸಿಯಾಗಲಿ ಎಂದು ಹುಡುಗರು ಕೈಕಾಲು ಆಡಿಸುತ್ತಾರೆ. ಅದರ ನಡುವೆ ಎಲ್ಲರೂ ಹುಲ್ಲಿನ ಮೇಲೆ ಅಂಗಾತ ಮಲಗಿ ಆಕಾಶ ನೋಡುವ ಒಂದು ‘ಕಸರತ್ತು’ ಕೂಡ ಇದೆ. ಈ ದಿನ ಎಷ್ಟು ಚೆನ್ನಾಗಿದೆ ನೋಡು ಎಂದು ಪಕ್ಕದವನಿಗೆ ಹೇಳುವುದೇ ಆ ಕಸರತ್ತು. ನೂರೈವತ್ತು ದಾಂಡಿಗರು ಮೋಡ ನೋಡುತ್ತ ಬಿದ್ದುಕೊಂಡಿದ್ದಾರೆ. ಯಾರೋ ನಗುತ್ತಾರೆ, ನಗು ಸಾಲಿನ ಆ ತುದಿಗೂ ಹರಡುತ್ತದೆ. ಹೊಸದಾಗಿ ಬಂದ ಹುಡುಗನೊಬ್ಬ, ಇದು ತಮಾಷೆಯೋ ಪರೀಕ್ಷೆಯೋ ತಿಳಿಯದೆ, ಕತ್ತೆತ್ತಿ ಹಿರಿಯರ ಮುಖ ನೋಡುತ್ತಾನೆ. ಹಿರಿಯರೂ ಮಲಗಿದ್ದಾರೆ.

ಆಮೇಲೆ ಕೆಲಸ. ಅಮೆರಿಕನ್ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ನೂರು ಗಜದ ಅಂಕಣದಲ್ಲಿ ಮುಂದಕ್ಕೆ ಒಯ್ಯುವ ಆಟ. ಒಯ್ಯುವವನನ್ನು ಎದುರಾಳಿ ಕೆಡವಬೇಕು. ಕಬಡ್ಡಿಯಲ್ಲಿ ದಾಳಿಗೆ ಬಂದವನ ಸೊಂಟ, ತೊಡೆಗೆ ಬಿದ್ದು ನೆಲಕ್ಕೊರಗಿಸುವ ಹಾಗೆ ಎನ್ನಬಹುದು. ವ್ಯತ್ಯಾಸ ಇಷ್ಟೇ, ಇಲ್ಲಿ ನೂರು ಕಿಲೋ ತೂಕದವರು ದೂರದಿಂದ ಓಡಿಬಂದು ಗುದ್ದುತ್ತಾರೆ. ನಾಲ್ಕು ಸರದಿಯಲ್ಲಿ ಹತ್ತು ಗಜ ಮುಂದೆ ಹೋದರೆ ಚೆಂಡು ಉಳಿಯುತ್ತದೆ, ಇಲ್ಲವಾದರೆ ಎದುರಾಳಿಗೆ. ಒಂದೊಂದು ಸರದಿಯೂ ಕೆಲವೇ ಸೆಕೆಂಡು. ಆ ಕೆಲವು ಸೆಕೆಂಡಿನಲ್ಲಿ ಹನ್ನೊಂದು ಜನ ಹನ್ನೊಂದು ಕೆಲಸ ಮಾಡಬೇಕು, ಒಬ್ಬನ ಹೆಜ್ಜೆ ತಪ್ಪಿದರೆ ಉಳಿದ ಹತ್ತು ಜನರ ಶ್ರಮ ನೀರುಪಾಲು.

ಅದನ್ನೇ ಇಲ್ಲಿ ತಿದ್ದುತ್ತಿದ್ದಾರೆ. ಮುಂಸಾಲಿನ ಐವರು ಬಗ್ಗಿ, ಬೆರಳು ನೆಲಕ್ಕೂರಿ ನಿಂತಿದ್ದಾರೆ. ಅವರ ಹಿಂದೆ ನಿಂತು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಎದುರಾಳಿಗಳ ಸಾಲನ್ನು ಎಡದಿಂದ ಬಲಕ್ಕೆ ಓದುತ್ತಾನೆ. ಬಲಗಡೆ ಒಬ್ಬ ಎರಡು ಹೆಜ್ಜೆ ಒಳಗೆ ಸರಿದದ್ದು ಕಂಡು ಕೊನೆಯ ಗಳಿಗೆಯಲ್ಲಿ ಉಪಾಯ ಬದಲಿಸಿ ಕೂಗು ಹಾಕುತ್ತಾನೆ. ಆ ಕೂಗು ಅವನದೇ ತೀರ್ಮಾನ. ಯಾವ ದಾಳಿ ಹೂಡಬೇಕೆಂಬುದನ್ನು ಅಂಕಣದ ಹೊರಗಿನಿಂದ ಕಳಿಸುವ ಪದ್ಧತಿ ಉಳಿದೆಡೆ ಬಲವಾಗಿರುವಾಗ, ಇಲ್ಲಿ ಅದರ ಬಹುಪಾಲನ್ನು ಹುಡುಗನ ಕಣ್ಣಿಗೇ ಬಿಟ್ಟುಕೊಟ್ಟಿದ್ದಾರೆ. ಚೆಂಡು ಕೈಗೆ ಬಂತು. ಭುಜಕವಚಗಳು ತಾಗಿದ ಟಪ್ ಟಪ್ ಸದ್ದು, ಬೂಟಿನ ಮುಳ್ಳು ಹುಲ್ಲು ಕೀಳುವ ಸದ್ದು, ಓಡುವವನ ಏದುಸಿರು. ಎಡಗಡೆಯ ತೆರಪಿನಲ್ಲಿ ಅವನು ನುಗ್ಗುತ್ತಾನೆ, ರಕ್ಷಣೆಯವನು ಸರಿಯಾದ ಕೋನ ಹಿಡಿದು ಅಡ್ಡ ಬರುತ್ತಾನೆ, ಎದುರಾಗಿ ನಿಲ್ಲುತ್ತಾನೆ, ಎರಡೂ ಕೈ ಚಾಚಿ ಸೊಂಟ ಬಳಸುತ್ತಾನೆ.

ಮತ್ತು ಬಿಟ್ಟುಬಿಡುತ್ತಾನೆ. ಕೆಡವುವುದಿಲ್ಲ.

ಇಬ್ಬರೂ ನಿಂತೇ ಇದ್ದಾರೆ. ಓಡಿದವನು ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ. ಜಾನ್ ನಡೆದು ಬಂದು ಮುಂಸಾಲಿನ ಒಬ್ಬ ಹುಡುಗನ ಪಕ್ಕ ನಿಂತು, ಬಲಗಾಲು ಮೊದಲು ಎಲ್ಲಿ ಬೀಳಬೇಕಿತ್ತು ಎಂದು ಹುಲ್ಲಿನ ಮೇಲೆ ತೋರಿಸುತ್ತಾರೆ. ಹುಡುಗ ಒಮ್ಮೆ ನಡೆದು ತೋರಿಸುತ್ತಾನೆ, ಸರಿಯಾಯಿತು. ಮತ್ತೆ ಅದೇ ಆಟ, ಮತ್ತೆ ಅದೇ, ನಾಲ್ಕನೆಯ ಬಾರಿಗೆ ಹನ್ನೊಂದು ಜನರ ಹೆಜ್ಜೆಯೂ ಒಂದೇ ತಾಳಕ್ಕೆ ಬೀಳುತ್ತದೆ. ಎಲ್ಲೂ ಸೀಟಿಯ ಕಿರುಚಾಟವಿಲ್ಲ. ತಪ್ಪಿದವನನ್ನು ಹತ್ತು ಸುತ್ತು ಓಡಿಸುವುದಿಲ್ಲ, ಬೈಗುಳವಿಲ್ಲ. ಬಾಯಾರಿದವನು ಯಾರನ್ನೂ ಕೇಳದೆ ಹೋಗಿ ನೀರು ಕುಡಿದು ಬರುತ್ತಾನೆ. ತೊಂಬತ್ತು ನಿಮಿಷದೊಳಗೆ ಎಲ್ಲ ಮುಗಿದು ಹುಡುಗರು ಊಟಕ್ಕೆ ಹೊರಡುತ್ತಾರೆ. ಮಳೆ ಹಿಡಿದರೆ, ಚಳಿ ಕೊರೆದರೆ, ಸೊಳ್ಳೆಗಳ ಹಿಂಡು ಮುತ್ತಿದರೆ ಹೊರಗಿನ ಅಭ್ಯಾಸವೇ ಇಲ್ಲ. ಭಾನುವಾರ ರಜೆ, ಸೋಮವಾರ ಕವಚವಿಲ್ಲದ ದಿನ. ತೂಕ ಎತ್ತುವುದು ಅವರವರ ಇಷ್ಟ. ದಪ್ಪನೆಯ ತಂತ್ರಪುಸ್ತಕ ಇಲ್ಲ, ಗೋಡೆಯ ಮೇಲೆ ಘೋಷಣೆ ಇಲ್ಲ, ಒಬ್ಬನನ್ನು ಆರಿಸಿ ನಾಯಕನ ಪಟ್ಟ ಕಟ್ಟುವ ಪದ್ಧತಿಯೂ ಇಲ್ಲ. ಕೊನೆಯ ವರ್ಷದವರೆಲ್ಲ ನಾಯಕರೇ. ಹೀಗೆ ಬಿಟ್ಟುಬಿಟ್ಟದ್ದರ ಪಟ್ಟಿ ವರ್ಷದಿಂದ ವರ್ಷಕ್ಕೆ ಬೆಳೆದು ನೂರರ ಸುತ್ತಮುತ್ತ ಬಂದಿತ್ತು. ಪಾಲಿಸಬೇಕಾದ ನಿಯಮ ಮಾತ್ರ ಒಂದೇ: ಇನ್ನೊಬ್ಬರು ನಿನ್ನೊಡನೆ ಹೇಗೆ ನಡೆದುಕೊಳ್ಳಬೇಕು ಅನ್ನಿಸುತ್ತದೋ, ನೀನು ಅವರೊಡನೆ ಹಾಗೆ ನಡೆದುಕೋ.

ಈ ಪಟ್ಟಿಯ ಮೊದಲ ಸಾಲುಗಳು ಬರೆಯಲ್ಪಟ್ಟದ್ದು ಇಲ್ಲಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಕೊಲರಾಡೊದ ಟ್ರಿನಿಡಾಡ್‌ನಲ್ಲಿ. ಕಲ್ಲಿದ್ದಲ ಗಣಿಗಳ ಊರು ಅದು. ಜಾನ್ ಅವರ ತಂದೆ ಇಟಲಿಯಿಂದ ವಲಸೆ ಬಂದವರು, ಕಾರುಗಳ ಸೊಟ್ಟು ತೆಗೆಯುವ ಗ್ಯಾರೇಜು ಇಟ್ಟುಕೊಂಡಿದ್ದರು. 1926ರಲ್ಲಿ ಹುಟ್ಟಿದ ಮಗ ಶಾಲೆಯ ಫುಟ್‌ಬಾಲ್ ತಂಡ ಸೇರಿದ. ಆ ಕಾಲದ ತರಬೇತಿ ಎಂದರೆ ಊರೂರಿಗೂ ಒಂದೇ: ಸುತ್ತು ಸುತ್ತು ಓಟ, ಕುಕ್ಕರಗಾಲಲ್ಲಿ ಬಾತುಕೋಳಿ ನಡಿಗೆ, ಉಸಿರು ಕಟ್ಟುವ ತನಕ ಕಸರತ್ತು, ಆಮೇಲೆ ಒಬ್ಬರನ್ನೊಬ್ಬರು ಗುದ್ದಿ ಕೆಡವುವುದು. ಬಿಸಿಲಲ್ಲಿ ನೀರು ಕೇಳಿದರೆ ಕೊಡುತ್ತಿರಲಿಲ್ಲ. ನೀರು ಕುಡಿದರೆ ಮೈ ಸಡಿಲವಾಗುತ್ತದೆ, ಸ್ನಾಯು ಹಿಡಿಯುತ್ತದೆ ಎಂಬುದು ನಂಬಿಕೆ.

1943ರಲ್ಲಿ ಆ ಶಾಲೆಯ ಕೋಚ್‌ಗೆ ಸೇನೆಯ ಕರೆ ಬಂತು. ಯುದ್ಧದ ಕಾಲ, ಬೇರೆ ಕೋಚ್ ಸಿಗಲಿಲ್ಲ. ಶಾಲೆಯವರು ಆ ವರ್ಷ ಆಟವನ್ನೇ ನಿಲ್ಲಿಸುವ ಯೋಚನೆಯಲ್ಲಿದ್ದಾಗ, ತಂಡದ ನಾಯಕನಾಗಿದ್ದ ಹದಿನಾರರ ಜಾನ್ ತಾನೇ ನಡೆಸುತ್ತೇನೆ ಎಂದ. ಒಪ್ಪಿದರು. ಮೊದಲು ಮಾಡಿದ ಕೆಲಸ, ತನಗೇ ಬೇಡವಾಗಿದ್ದದ್ದನ್ನೆಲ್ಲ ತೆಗೆದು ಹಾಕಿದ್ದು. ಬಾತುಕೋಳಿ ನಡಿಗೆ ಹೋಯಿತು, ಸುತ್ತು ಓಟ ಹೋಯಿತು, ನೀರು ಬಂತು. ಜತೆಯ ಹುಡುಗರಿಗೆ ಆಜ್ಞೆ ಮಾಡಲು ಅವನ ಹತ್ತಿರ ಅಧಿಕಾರವಾದರೂ ಏನಿತ್ತು? ವಾರಿಗೆಯವನು, ನಿನ್ನೆ ಮೊನ್ನೆ ಜತೆಯಲ್ಲೇ ಒದ್ದಾಡಿದವನು. ಅವರು ಅವನನ್ನು ಜಾನ್ ಎಂದು ಕರೆಯುತ್ತಿದ್ದರು, ಕರೆಯುತ್ತಲೇ ಹೋದರು. ಆ ತಂಡ ಗೆದ್ದಿತು. ಓದುತ್ತಲೇ, ಆರು ವರ್ಷ ಹೈಸ್ಕೂಲು ತಂಡಗಳನ್ನು ನಡೆಸಿ ನಾಲ್ಕು ಬಾರಿ ಪ್ರಶಸ್ತಿ ತಂದ ಮೇಲೆ, 1949ರಲ್ಲಿ ಮೊಂಟಾನಾದ ಹೆಲೆನಾ ಊರಿನ ಕ್ಯಾರೊಲ್ ಕಾಲೇಜು ಅವನನ್ನು ಕರೆಯಿತು. ಆಗಿನ್ನೂ ಇಪ್ಪತ್ತೆರಡರ ಪ್ರಾಯ. ಅಲ್ಲಿ ನಾಲ್ಕು ವರ್ಷ, ಮೂರು ಪ್ರಶಸ್ತಿ.

ಕಾಲೇಜ್‌ವಿಲ್‌ಗೆ ಬಂದದ್ದು 1953ರಲ್ಲಿ. ಇಲ್ಲಿ ಅವರಿಗಿಂತ ಮೊದಲು ಇದ್ದವರು ಜಾನಿ ಬ್ಲಡ್ ಮೆಕ್‌ನಾಲಿ, ವೃತ್ತಿಪರ ಫುಟ್‌ಬಾಲಿನಲ್ಲಿ ದಂತಕಥೆಯಾದವರು, ಇದೇ ಕಾಲೇಜಿನ ಹಳೆಯ ವಿದ್ಯಾರ್ಥಿ. ಹೋಗುವಾಗ ಅವರು ಹೊಸಬನಿಗೆ, ಇಲ್ಲಿ ಗೆಲ್ಲುವುದು ಯಾರಿಂದಲೂ ಆಗದ ಮಾತು ಎಂಬ ಅರ್ಥದ ಎಚ್ಚರಿಕೆ ಕೊಟ್ಟೇ ಹೋದರಂತೆ. ಮೊದಲ ವರ್ಷವೇ ತಂಡ ತನ್ನ ವಲಯದ ಪ್ರಶಸ್ತಿ ಗೆದ್ದಿತು. ಸನ್ಯಾಸಿಗಳು ಖುಷಿಯಾಗಿ ಐಸ್ ಹಾಕಿಯನ್ನೂ ಓಟದ ತಂಡವನ್ನೂ ಅವರ ಹೆಗಲಿಗೇ ಹಾಕಿದರು.

ಅದರ ಮರುವರ್ಷ ದಕ್ಷಿಣದಲ್ಲಿ ಏನು ನಡೆಯಿತು ಎಂಬುದನ್ನೂ ಒಂದು ಗಳಿಗೆ ನೋಡಬೇಕು, ಇಲ್ಲವಾದರೆ ಈ ಮೈದಾನದ ಮೌನದ ಬೆಲೆ ತಿಳಿಯುವುದಿಲ್ಲ. 1954ರ ಸೆಪ್ಟೆಂಬರ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ಕಾಲೇಜಿಗೆ ಹೊಸದಾಗಿ ಬಂದ ಪಾಲ್ ಬೇರ್ ಬ್ರಯಂಟ್, ತಂಡದ ಜಡ್ಡು ಬಿಡಿಸಬೇಕೆಂದು ಹುಡುಗರನ್ನು ಬಸ್ಸಿಗೆ ತುಂಬಿಕೊಂಡು ಜಂಕ್ಷನ್ ಎಂಬ ಊರಿಗೆ ಒಯ್ದರು. ಬರಗಾಲದ ನೆಲ, ಕಲ್ಲು ಮುಳ್ಳು, ಮೈ ಸುಡುವ ಬಿಸಿಲು. ನಸುಕಿನಿಂದ ಅಭ್ಯಾಸ, ನೀರಿಗೆ ಬಿಡುವಿಲ್ಲ. ಹತ್ತು ದಿನ. ರಾತ್ರೋರಾತ್ರಿ ಚೀಲ ಹೆಗಲಿಗೇರಿಸಿ ಹುಡುಗರು ಓಡಿಹೋದರು. ಒಬ್ಬ ಬಿಸಿಲಿನ ಹೊಡೆತಕ್ಕೆ ಕುಸಿದು ಸಾವಿನ ದವಡೆಯಿಂದ ಪಾರಾದ. ಹೋಗುವಾಗ ನೂರರ ಹತ್ತಿರ ಇದ್ದವರು ಬರುವಾಗ ಮೂವತ್ತೈದರ ಆಸುಪಾಸು. ಆ ವರ್ಷ ಆಡಿದ ಹತ್ತರಲ್ಲಿ ಒಂಬತ್ತು ಪಂದ್ಯ ಸೋತರೂ, ಎರಡು ವರ್ಷದ ಮೇಲೆ ತಂಡ ತನ್ನ ವಲಯದ ಪ್ರಶಸ್ತಿ ಗೆದ್ದಿತು, ಜಂಕ್ಷನ್ ಒಂದು ವೀರಗಾಥೆಯಾಯಿತು. ಪುಸ್ತಕ ಬಂತು, ಸಿನಿಮಾ ಬಂತು. ತಂಡವೊಂದರ ಸ್ವಭಾವ ಬದಲಿಸುವುದೆಂದರೆ ಹೀಗೆ ಎಂದು ದೇಶದ ಕೋಚ್‌ಗಳೆಲ್ಲ ಕಲಿತದ್ದು ಅಲ್ಲಿಂದ: ದುರ್ಬಲರನ್ನು ಉದುರಿಸು, ಉಳಿದವರು ಉಕ್ಕು.

ಅದೇ ದಶಕದಲ್ಲಿ ಜಾನ್ ಅಭ್ಯಾಸದಿಂದ ಕೆಡವುವ ಹೊಡೆತವನ್ನೇ ತೆಗೆದು ಹಾಕಿದರು. ಹುಡುಗರ ಮೇಲಿನ ಕರುಣೆ ಒಂದು ಕಾರಣವಿರಬಹುದು, ಲೆಕ್ಕಾಚಾರವೂ ಇತ್ತು. ಸಣ್ಣ ಕಾಲೇಜು, ಒಳ್ಳೆಯ ಆಟಗಾರರು ಬೆರಳೆಣಿಕೆ. ಅವರಲ್ಲಿ ಒಬ್ಬನನ್ನು ಬುಧವಾರದ ಅಭ್ಯಾಸದಲ್ಲಿ ಜತೆಯವನೇ ಕೆಡವಿ ಮೊಣಕಾಲು ಮುರಿದರೆ ಶನಿವಾರ ಯಾರನ್ನು ಇಳಿಸುವುದು? ಕೆಡವುವ ಕೊನೆಯ ಅರೆಗಳಿಗೆಗೆ ಧೈರ್ಯ ಬೇಕು, ಅದು ಪಂದ್ಯದ ದಿನ ತಾನಾಗಿ ಬರುತ್ತದೆ. ಅದಕ್ಕೆ ಮೊದಲಿನದ್ದು ಕಲಿಕೆ: ಎದುರಿನವನ ಹೆಜ್ಜೆ ಓದುವುದು, ಕೋನ ಹಿಡಿಯುವುದು, ತಲೆ ಮೇಲೆತ್ತಿ ಸರಿಯಾದ ಜಾಗಕ್ಕೆ ಮೊದಲು ತಲುಪುವುದು. ಗುದ್ದಾಟವಿಲ್ಲದಿದ್ದರೆ ಬಿದ್ದು ಏಳುವ ಹೊತ್ತು ಉಳಿಯುತ್ತದೆ, ಅದೇ ತೊಂಬತ್ತು ನಿಮಿಷದಲ್ಲಿ ಎಷ್ಟೋ ಹೆಚ್ಚು ಬಾರಿ ಆಟ ತಿರುವಿ ಹಾಕಬಹುದು. ಮೈದಾನದಲ್ಲಿ ನಾವು ಈಗ ಕಂಡದ್ದು ಅದನ್ನೇ. ಹೊರಗಿನವರಿಗೆ ಸೋಮಾರಿತನದ ಹಾಗೆ ತೋರುವ ಈ ಸಂಜೆಯಲ್ಲಿ ಒಂದೇ ಹೆಜ್ಜೆಯನ್ನು ಎಷ್ಟು ಸಲ ತಿದ್ದಿದರು ಎಂದು ಎಣಿಸುತ್ತ ಕೂತರೆ ಬೆರಳು ಸಾಲುವುದಿಲ್ಲ.

ಶನಿವಾರ ಮಧ್ಯಾಹ್ನ ಬಂದರೆ ಇದೇ ತಗ್ಗು ಗುರುತು ಸಿಗುವುದಿಲ್ಲ. ಕಾರುಗಳ ಸಾಲು ಕಾಡಿನ ದಾರಿಯುದ್ದಕ್ಕೂ ನಿಂತಿದೆ. ಇಳಿಜಾರಿನ ಹುಲ್ಲಿನ ಮೇಲೆ ಕಂಬಳಿ ಹಾಸಿಕೊಂಡು ಕುಟುಂಬಗಳು ಕೂತಿವೆ, ಅಜ್ಜಂದಿರು ಹೊದಿಕೆ ಸುತ್ತಿಕೊಂಡು ಥರ್ಮಾಸಿನಿಂದ ಕಾಫಿ ಬಗ್ಗಿಸುತ್ತಿದ್ದಾರೆ, ಇದ್ದಿಲ ಒಲೆಯ ಮೇಲೆ ಸಾಸೇಜು ಚುರುಗುಟ್ಟುವ ವಾಸನೆ. ಸನ್ಯಾಸಿಗಳೂ ಬಂದಿದ್ದಾರೆ. ಆಗ ಕೆಂಪು ಜೆರ್ಸಿಯ ತಂಡ ಮೈದಾನಕ್ಕೆ ಇಳಿಯುತ್ತದೆ. ಇಳಿಯುತ್ತಲೇ ಇರುತ್ತದೆ. ಎದುರಾಳಿ ತಂಡದವರು ಮೈ ಬಿಸಿ ಮಾಡಿಕೊಳ್ಳುವುದನ್ನು ನಿಲ್ಲಿಸಿ ನೋಡುತ್ತಾರೆ. ತಂಡದಲ್ಲಿರುವ ಪ್ರತಿಯೊಬ್ಬನಿಗೂ ಊರಿನ ಪಂದ್ಯದ ದಿನ ಸಮವಸ್ತ್ರ ಉಂಟು, ಮೊದಲ ಹನ್ನೊಂದರಲ್ಲಿರಲಿ ನೂರ ಎಪ್ಪತ್ತನೆಯವನಾಗಿರಲಿ. ಪಂದ್ಯ ಕೈಗೆ ಬಂತು ಎನ್ನಿಸಿದ ಮೇಲೆ ಹಿಂದಿನ ಸಾಲಿನವರ ಸರದಿ. ಇಳಿಜಾರಿನ ಮೇಲೆ ಎಲ್ಲೋ ಒಬ್ಬ ತಾಯಿ ಎದ್ದು ನಿಲ್ಲುತ್ತಾರೆ. ಮಗನಿಗೆ ಸಿಕ್ಕುವುದು ಎರಡೇ ನಿಮಿಷವಿರಬಹುದು, ಅಷ್ಟಕ್ಕೇ ಅವರು ಇನ್ನೂರು ಮೈಲಿ ಕಾರು ಓಡಿಸಿಕೊಂಡು ಬಂದಿರುತ್ತಾರೆ.

ಗೆಲುವಿನ ವಿಚಾರ ಇಷ್ಟು ಹೊತ್ತು ತಡೆದಿಟ್ಟದ್ದು ಬೇಕೆಂದೇ. 1963ರಲ್ಲಿ ಸೇಂಟ್ ಜಾನ್ಸ್ ತನ್ನ ದರ್ಜೆಯ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 1965ರಲ್ಲಿ ಮತ್ತೆ. 1976ರಲ್ಲಿ ಇನ್ನೊಮ್ಮೆ. 1993ರ ತಂಡವಂತೂ ಪಂದ್ಯಕ್ಕೆ ಸರಾಸರಿ 61.5 ಅಂಕ ಗಳಿಸಿತು. ಮೂವತ್ತು ಅಂಕ ಬಂದರೆ ಸಾಕಪ್ಪ ಎನ್ನುವ ಆಟದಲ್ಲಿ ಇದು ನಂಬಲಾಗದ ಮಾತು. 2003ರ ನವೆಂಬರ್ 8ರಂದು ಇದೇ ತಗ್ಗಿನಲ್ಲಿ 13,000ಕ್ಕೂ ಹೆಚ್ಚು ಜನ ಸೇರಿದರು. ಗ್ರ್ಯಾಂಬ್ಲಿಂಗ್ ವಿಶ್ವವಿದ್ಯಾಲಯದ ಎಡ್ಡಿ ರಾಬಿನ್ಸನ್ ಅವರ 408 ಗೆಲುವಿನ ದಾಖಲೆಯನ್ನು ಜಾನ್ ಹಿಂದಿನ ವಾರವಷ್ಟೇ ಸರಿಗಟ್ಟಿದ್ದರು. ಎದುರಿಗೆ ಬೆಥೆಲ್ ಕಾಲೇಜು. ಸುಲಭದ ಪಂದ್ಯವಾಗಲಿಲ್ಲ, ಕೊನೆಯವರೆಗೂ ಜಗ್ಗಾಟ ನಡೆದು 29–26ಕ್ಕೆ ಮುಗಿಯಿತು, 409 ಆಯಿತು. ಆ ಡಿಸೆಂಬರ್‌ನಲ್ಲಿ, ಸತತ 55 ಪಂದ್ಯ ಗೆದ್ದು ಸೋಲನ್ನೇ ಮರೆತಿದ್ದ ಮೌಂಟ್ ಯೂನಿಯನ್ ತಂಡವನ್ನು 24–6ರಿಂದ ಮಣಿಸಿ ಸೇಂಟ್ ಜಾನ್ಸ್ ನಾಲ್ಕನೆಯ ರಾಷ್ಟ್ರೀಯ ಪ್ರಶಸ್ತಿ ಎತ್ತಿತು. ಜಾನ್‌ಗೆ ಆಗ ಎಪ್ಪತ್ತೇಳು. 2012ರಲ್ಲಿ, ಇದೇ ಮೈದಾನದಲ್ಲಿ ಅರವತ್ತು ಋತು ಕಳೆದು ಅವರು ವಿದಾಯ ಹೇಳಿದಾಗ ಒಟ್ಟು ಗೆಲುವು 489. ಅಮೆರಿಕದ ಕಾಲೇಜು ಫುಟ್‌ಬಾಲಿನ ಯಾವ ಕೋಚ್ ಕೂಡ ಅಷ್ಟು ಪಂದ್ಯ ಗೆದ್ದಿಲ್ಲ.

ಈ ಅಂಕಿಗಳನ್ನು ನೋಡಿ ಎಲ್ಲೆಲ್ಲಿಂದಲೋ ಕೋಚ್‌ಗಳು ಬಂದರು. ಬೇಲಿಯ ಪಕ್ಕ, ನಾವು ನಿಂತಿರುವ ಕಡೆಯೇ, ಪುಸ್ತಕ ಪೆನ್ಸಿಲು ಹಿಡಿದು ನಿಂತರು. ಬರೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ. ಹೊಸ ಯಂತ್ರ, ಹೊಸ ಆಹಾರ, ಹೊಸ ವೇಳಾಪಟ್ಟಿ ಎಂದರೆ ಹೇಗಾದರೂ ಹಣ ಹೊಂದಿಸಿ ತಂದುಕೊಳ್ಳಬಹುದು. ಇಲ್ಲಿ ತರುವುದೇನೂ ಇಲ್ಲ, ಬಿಡುವುದು ಮಾತ್ರ. ಸೀಟಿ ಬಿಟ್ಟ ಕೋಚ್ ಒಂದು ಶನಿವಾರ ಸೋತರೆ ಊರಿನವರು ಮೊದಲು ಕೇಳುವುದೇ, ನಿನ್ನ ಸೀಟಿ ಎಲ್ಲಿ ಎಂದು. ಹುಡುಗರ ಬೆವರಿಳಿಸಿ ಸೋತವನಿಗೆ ಕ್ಷಮೆ ಉಂಟು, ಮೋಡ ತೋರಿಸಿ ಸೋತವನಿಗೆ ಇಲ್ಲ. ಬಂದವರು ಮೆಚ್ಚಿಕೊಂಡು ಹೋದರು, ಹೆಚ್ಚಿನವರು ತಮ್ಮ ಮೈದಾನಕ್ಕೆ ಮರಳಿ ಸೀಟಿ ಊದಿದರು.

ಜಾನ್‌ಗೆ ಅನುಕೂಲಗಳೂ ಇದ್ದವು, ಅದನ್ನು ಮುಚ್ಚಿಡಬೇಕಾಗಿಲ್ಲ. ಸೇಂಟ್ ಜಾನ್ಸ್ ಆಡುವುದು ಮೂರನೆಯ ದರ್ಜೆಯಲ್ಲಿ; ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲದ ದರ್ಜೆ ಅದು. ಇಲ್ಲಿಗೆ ಬರುವ ಹುಡುಗ ಶುಲ್ಕ ಕಟ್ಟಿ, ಓದಲು ಬಂದು, ಇಷ್ಟಪಟ್ಟು ಆಡುವವನು. ಕೋಟ್ಯಂತರ ಡಾಲರಿನ ಟೀವಿ ಹಕ್ಕಾಗಲೀ ಲಕ್ಷ ಜನ ಕೂರುವ ಕ್ರೀಡಾಂಗಣವಾಗಲೀ ತಲೆಯ ಮೇಲೆ ತೂಗುವುದಿಲ್ಲ. ಒಂದೆರಡು ವರ್ಷ ಸೋತರೂ ಸನ್ಯಾಸಿಗಳು ಕಾಯುತ್ತಾರೆ. ಕಾಯುವುದರಲ್ಲಿ ಅವರು ಪಳಗಿದವರು. ಜಾನ್ ಅವರ ಕೊನೆಯ ಕೆಲವು ಋತುಗಳು ಮಂಕಾಗಿಯೇ ಕಳೆದವು, ಆದರೂ ಅವರು ಹೊರಟದ್ದು ತಾವು ಹೊರಡಬೇಕೆಂದಾಗ.

ಇದೆಲ್ಲ ಸಣ್ಣ ಊರಿನ ಮಠದ ಕಾಲೇಜಿಗೆ ಸರಿ, ದೊಡ್ಡವರಿಗಲ್ಲ ಎಂಬ ಮಾತಿಗೆ ಉತ್ತರ ಬಂದದ್ದು ಪೂರ್ವ ಕರಾವಳಿಯ ಕಡೆಯಿಂದ. ನ್ಯೂ ಹ್ಯಾಂಪ್‌ಷೈರ್‌ನ ಡಾರ್ಟ್‌ಮತ್ ಕಾಲೇಜು 2008ರಲ್ಲಿ ಆಡಿದ ಹತ್ತೂ ಪಂದ್ಯ ಸೋತಿತ್ತು. ಕೋಚ್ ಬಡ್ಡಿ ಟೀವನ್ಸ್ 2010ರಲ್ಲಿ, ಇನ್ನು ಮುಂದೆ ಅಭ್ಯಾಸದಲ್ಲಿ ನಮ್ಮವರು ನಮ್ಮವರನ್ನು ಕೆಡವುವಂತಿಲ್ಲ ಎಂದರು. ಸಹಾಯಕ ಕೋಚ್‌ಗಳು ತಬ್ಬಿಬ್ಬಾದರು. ಹುಡುಗರು ಮೆತ್ತೆಗಳಿಗೆ, ಬೊಂಬೆಗಳಿಗೆ ಬಿದ್ದು ಕಲಿತರು. ಕೆಲವು ವರ್ಷಗಳಲ್ಲಿ ಅಲ್ಲಿನ ಎಂಜಿನಿಯರಿಂಗ್ ಶಾಲೆಯವರು ದೂರನಿಯಂತ್ರಕದಿಂದ ಮೈದಾನದ ತುಂಬ ಓಡುವ, ಕೆಡವಿದರೆ ತಾನೇ ಎದ್ದು ನಿಲ್ಲುವ ಬೊಂಬೆಯೊಂದನ್ನು ಮಾಡಿಕೊಟ್ಟರು. 2015ರಲ್ಲಿ ಡಾರ್ಟ್‌ಮತ್ ಹತ್ತರಲ್ಲಿ ಒಂಬತ್ತು ಗೆದ್ದು ತನ್ನ ವಲಯವಾದ ಐವಿ ಲೀಗ್‌ನ ಪ್ರಶಸ್ತಿ ಹಂಚಿಕೊಂಡಿತು. ಮರುವರ್ಷ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿ ಆ ಲೀಗ್‌ನ ಎಂಟೂ ಕಾಲೇಜುಗಳ ಕೋಚ್‌ಗಳು, ಋತು ನಡೆಯುವಾಗಿನ ಅಭ್ಯಾಸದಲ್ಲಿ ಪೂರ್ತಿ ಕೆಡವುವುದನ್ನು ನಿಲ್ಲಿಸೋಣ ಎಂದು ಒಮ್ಮತದಿಂದ ಒಪ್ಪಿದರು. ಅಷ್ಟರಲ್ಲಿ ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟು ಮಿದುಳನ್ನು ಏನು ಮಾಡುತ್ತದೆ ಎಂಬುದು ವೈದ್ಯರ ವರದಿಗಳಿಂದ ಮನೆಮನೆಯ ಮಾತಾಗಿತ್ತು. ವೃತ್ತಿಪರ ಲೀಗ್ ಕೂಡ 2011ರ ಒಪ್ಪಂದದಲ್ಲಿ ಋತುವಿಗೆ ಹದಿನಾಲ್ಕಕ್ಕಿಂತ ಹೆಚ್ಚು ಕವಚ ತೊಟ್ಟ ಅಭ್ಯಾಸ ಬೇಡ ಎಂದು ಗೆರೆ ಎಳೆದಿತ್ತು. ಟ್ರಿನಿಡಾಡ್‌ನ ಹದಿನಾರರ ಹುಡುಗನಿಗೆ ಮೈಕೈ ನೋವು ಹೇಳಿಕೊಟ್ಟದ್ದನ್ನು ದೇಶಕ್ಕೆ ಸೂಕ್ಷ್ಮದರ್ಶಕ ಹೇಳಿಕೊಡಬೇಕಾಯಿತು.

ನೀರಿನ ಪಾಠ ಮಾತ್ರ ಇನ್ನೂ ಮುಗಿದಿಲ್ಲ. 2018ರ ಮೇ ತಿಂಗಳ ಕೊನೆಯಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹತ್ತೊಂಬತ್ತರ ಆಟಗಾರನೊಬ್ಬ ಓಟದ ಅಭ್ಯಾಸದಲ್ಲಿ ಬಿಸಿಲಿನ ಹೊಡೆತಕ್ಕೆ ಕುಸಿದು, ಎರಡು ವಾರದ ಮೇಲೆ ತೀರಿಕೊಂಡ. ಆ ತಂಡದಲ್ಲಿ ಭಯದ, ಅವಮಾನದ ವಾತಾವರಣವಿತ್ತೇ ಎಂಬುದರ ಬಗ್ಗೆ ತನಿಖೆ ನಡೆಯಿತು, ಅಕ್ಟೋಬರ್ ಕೊನೆಗೆ ಕೋಚ್ ಕೆಲಸ ಕಳೆದುಕೊಂಡರು. ಅದೇ ಅಕ್ಟೋಬರ್ 7ರಂದು ಜಾನ್ ಗಾಗ್ಲಿಯಾರ್ಡಿ ತಮ್ಮ 91ನೆಯ ವಯಸ್ಸಿನಲ್ಲಿ ತೀರಿಹೋಗಿದ್ದರು.

ತಂಡದ ಸಂಸ್ಕೃತಿ ಬದಲಿಸುತ್ತೇನೆ ಎಂಬ ಮಾತು ಇವತ್ತು ಅಮೆರಿಕದಲ್ಲಿ ಹೊಸ ಕೋಚ್‌ಗಳೆಲ್ಲರ ಬಾಯಲ್ಲೂ ಇದೆ. ಆ ಮಾತಿನ ಬೆನ್ನಿಗೇ ಗೋಡೆಗೆ ಹೊಸ ಘೋಷಣೆ, ನಸುಕಿನ ಐದಕ್ಕೆ ಹಾಜರಿ, ತಡವಾಗಿ ಬಂದವನಿಗೆ ಶಿಕ್ಷೆ ಬರುತ್ತವೆ. ಹಾಗೆ ಮಾಡಿದವರು ಗೆಲ್ಲುವುದಿಲ್ಲ ಎಂದಲ್ಲ. ಬ್ರಯಂಟ್ ಮುಂದೆ ಅಲಬಾಮಾಕ್ಕೆ ಹೋಗಿ, ತಮ್ಮ ಇಡೀ ವೃತ್ತಿಜೀವನದಲ್ಲಿ ಒಟ್ಟು 323 ಪಂದ್ಯ ಗೆದ್ದು, ಆ ನಾಡಿನ ದೇವರಂತಾದರು. ಗೆಲ್ಲಲು ಎರಡೂ ದಾರಿ ಇವೆ, ಆದ್ದರಿಂದ ಗೆಲುವು ಈ ಎರಡರ ನಡುವೆ ತೀರ್ಪು ಕೊಡಲಾರದು. ತೀರ್ಪು ಬೇಕಾದರೆ ಸೋತವರನ್ನಲ್ಲ, ಬಿಟ್ಟುಹೋದವರನ್ನು ಎಣಿಸಬೇಕು. ಜಂಕ್ಷನ್ನಿನಿಂದ ರಾತ್ರಿ ಓಡಿಹೋದ ಹುಡುಗರು ಒಳ್ಳೆಯ ಆಟಗಾರರಾಗುತ್ತಿದ್ದರೇ ಎಂಬುದು ಬ್ರಯಂಟ್‌ಗೂ ಗೊತ್ತಾಗಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಕಾಲೇಜ್‌ವಿಲ್‌ನಲ್ಲಿ ಆ ಪ್ರಶ್ನೆ ಏಳಲೇ ಇಲ್ಲ. ಅಲ್ಲಿ ನೂರ ಎಪ್ಪತ್ತನೆಯವನೂ ಶನಿವಾರ ಕೆಂಪು ಜೆರ್ಸಿ ತೊಟ್ಟು ಸಾಲಿನಲ್ಲಿ ನಿಲ್ಲುತ್ತಿದ್ದ, ಸೋಮವಾರ ಬೆಳಿಗ್ಗೆ ಎಂದಿನಂತೆ ತರಗತಿಗೆ ಹೋಗುತ್ತಿದ್ದ.